ನಿಮ್ಮ ಚಂಡಮಾರುತಕ್ಕೆ ನನ್ನ ಅಮ್ಮನ ಹೆಸರು

ಚಂಡಮಾರುತಗಳಿಗೆ ಹೆಸರಿಡುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಊರಿಗೆ ಬಂದಪ್ಪಳಿಸಿದ ಚಂಡಮಾರುತಕ್ಕೆ ತಾವು ‘ಎಲರು’ ಎಂದು ಹೆಸರಿಟ್ಟಿರಿ. ಎಲರು ನನ್ನ ಅಮ್ಮನ ಹೆಸರು. ಅಮ್ಮ ಬದುಕಿದ್ದಾಳೆ. ದಿನವೂ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿಸಿ, ಹೊಲಿಗೆ ಯಂತ್ರದ ಮುಂದೆ ಕೂತು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಜನರ ಬಟ್ಟೆ ಹೊಲಿಯುತ್ತಾಳೆ. ಪಕ್ಕದ ಮನೆಯ ಏಣಿ ಬೇಕಾದರೂ ನಾವು ಒಂದು ಮಾತು ಕೇಳಿ ತರುತ್ತೇವೆ. ತಾವು ಒಬ್ಬ ಹೆಂಗಸಿನ ಹೆಸರನ್ನೇ ಕೇಳದೆ ಒಯ್ದಿರಿ, ಬೇಕಾದ ಹಾಗೆ ಬಳಸಿದಿರಿ, ಮುರಿದು ಬಿಸಾಡಿದಿರಿ. ಈ ಪತ್ರ ಅದರ ಬಗ್ಗೆ.

ತಮ್ಮ ಕಚೇರಿಯ ಪ್ರಕಟಣೆಯನ್ನು ನಾನು ಬಾಯಿಪಾಠವಾಗುವಷ್ಟು ಓದಿದ್ದೇನೆ. ಹೆಸರು ಚಿಕ್ಕದಾಗಿರಬೇಕು, ನಾಲಿಗೆಗೆ ಸಲೀಸಾಗಿರಬೇಕು, ಯಾರ ಮನಸ್ಸನ್ನೂ ನೋಯಿಸಬಾರದು, ಬಳಕೆಯಲ್ಲಿ ಅಪರೂಪವಾಗಿರಬೇಕು ಎಂಬ ಮಾನದಂಡಗಳನ್ನೆಲ್ಲ ಅಳೆದು ತೂಗಿ ಈ ಹೆಸರನ್ನು ಆರಿಸಲಾಯಿತಂತೆ. ಅರ್ಥ: ಮೆಲ್ಲನೆ ಬೀಸುವ ಗಾಳಿ. ಮೂಲ: ಹಳಗನ್ನಡ. ಜನಪ್ರಿಯತೆ: ಶೂನ್ಯ. ಮನೆಗಳ ಚಾವಣಿಯನ್ನು ಡಬ್ಬದ ಮುಚ್ಚಳದಂತೆ ತೆಗೆದೆಸೆಯಲಿರುವ ಬಿರುಗಾಳಿಗೆ ‘ಮೆಲ್ಲನೆ ಬೀಸುವ ಗಾಳಿ’ ಎಂದು ಹೆಸರಿಡಲು ಎಂಥ ರಸಿಕತೆ ಬೇಕು! ಅದಿರಲಿ, ಅಪರೂಪದ್ದು ಎಂದರೆ ಯಾರದ್ದೂ ಅಲ್ಲದ್ದು ಎಂದು ತಮಗೆ ಹೇಳಿಕೊಟ್ಟವರು ಯಾರು? ಲಕ್ಷ ಜನರಿಗಿರುವ ಹೆಸರನ್ನು ತಾವು ಮುಟ್ಟುವುದಿಲ್ಲ, ಲಕ್ಷ ಜನ ಕಚೇರಿಯ ಗೇಟಿಗೆ ಬಂದು ನಿಂತಾರು. ಒಬ್ಬಳೇ ಒಬ್ಬಳಿಗಿರುವ ಹೆಸರಾದರೆ ಚಿಂತೆಯಿಲ್ಲ. ಒಬ್ಬಳಿಗೆ ಎಷ್ಟು ಮಹಾ ನೋವಾದೀತು?

ಮೂಲದ ಬಗ್ಗೆ ತಾವು ‘ಹಳಗನ್ನಡ’ ಎಂದು ಒಂದೇ ಪದದಲ್ಲಿ ಮುಗಿಸಿದ್ದೀರಿ. ಉಳಿದದ್ದನ್ನು ನಾನು ಹೇಳುತ್ತೇನೆ. ನನ್ನ ತಾತ ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಅಮ್ಮ ಹುಟ್ಟಿದ ವರ್ಷ ಯಾರೋ ಪಂಡಿತರ ಹಳೆಯ ಪದಗಳ ನಿಘಂಟು ಅಚ್ಚಾಗುತ್ತಿತ್ತು. ಬಿರುಬೇಸಿಗೆ. ಅಜ್ಜಿ ಮನೆಯಲ್ಲಿ ಹೆರಿಗೆ ನೋವು ತಿನ್ನುತ್ತಿದ್ದರೆ ತಾತ ಅಲ್ಲಿ ಬೆವರೊರೆಸಿಕೊಂಡು ‘ಎ’ ಅಕ್ಷರದ ಪುಟ ಜೋಡಿಸುತ್ತಿದ್ದರು. ಹೆಣ್ಣುಮಗು ಎಂದು ಸುದ್ದಿ ಬಂದಾಗ ಅವರ ಬೆರಳಲ್ಲಿ ಇದ್ದ ಪದ ಎಲರು. ಓಡಿ ಬಂದು ನೋಡಿದರೆ, ಸೂಲಗಿತ್ತಿ ಕಿಟಕಿ ತೆರೆದಿದ್ದಳು, ಅಷ್ಟು ದಿನ ಅಲುಗದ ಪರದೆ ಅಲುಗುತ್ತಿತ್ತಂತೆ. ಅಲ್ಲಿಗೆ ನಾಮಕರಣ ಮುಗಿಯಿತು. ಸಮಿತಿ ಇರಲಿಲ್ಲ, ಮಾನದಂಡವೂ ಇರಲಿಲ್ಲ. ಅಜ್ಜಿ ಮಾತ್ರ ಸಾಯುವ ತನಕ ಹೇಳುತ್ತಿದ್ದಳು, “ನನ್ನ ಪುಣ್ಯ ದೊಡ್ಡದು ಕಣೆ. ಒಂದು ವಾರ ತಡವಾಗಿ ಹೆತ್ತಿದ್ರೆ ‘ಒ’ ಅಕ್ಷರ ಬಂದಿರ್ತಿತ್ತು. ಮಗೂಗೆ ಒನಕೆ ಅಂತ ಇಟ್ಟುಬಿಡ್ತಿದ್ರು ಆ ಮಹರಾಯರು.”

ಜನಪ್ರಿಯತೆ ಶೂನ್ಯ ಎಂಬುದು ನಿಜ. ಆ ಶೂನ್ಯದಲ್ಲಿ ಅಮ್ಮ ಒಂದು ಆಯುಷ್ಯವನ್ನೇ ಕಳೆದಳು. ಶಾಲೆಯಲ್ಲಿ ಮೇಷ್ಟ್ರು ಹಾಜರಿ ತೆಗೆದುಕೊಳ್ಳುತ್ತ “ಎಲರು” ಅಂದರೆ ಇಡೀ ತರಗತಿ ಎದ್ದು ನಿಂತು “ಬಂದಿದೀವಿ ಸಾರ್” ಅನ್ನುತ್ತಿತ್ತು. ಪಡಿತರ ಚೀಟಿಯಲ್ಲಿ ಅವಳು ಎಲ್ಲಾರು, ಬ್ಯಾಂಕಿನಲ್ಲಿ ಇಲಾರು, ಗ್ಯಾಸಿನವರ ಪ್ರಕಾರ ಎಲ್ಲಮ್ಮ. ಮದುವೆಯ ಹೊಸತರಲ್ಲಿ ಅಪ್ಪ ತನ್ನ ಅಕ್ಕನಿಗೆ ಫೋನಿನಲ್ಲಿ “ಎಲರು ಊಟಕ್ಕೆ ಬರ್ತಾಳೆ” ಅಂದದ್ದನ್ನು ನನ್ನ ಅತ್ತೆ “ಎಲ್ಲರೂ ಬರ್ತಾರೆ” ಎಂದು ಕೇಳಿಸಿಕೊಂಡು ಇಪ್ಪತ್ತು ಜನರಿಗೆ ಅಡುಗೆ ಮಾಡಿ ಕೂತಿದ್ದರು. ಆ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಇಷ್ಟೆಲ್ಲ ಆದರೂ ಅಮ್ಮ ಹೆಸರು ಬದಲಿಸಿಕೊಳ್ಳಲಿಲ್ಲ. ಅಂಗಡಿ ತೆರೆದಾಗ ಬೋರ್ಡಿನ ಮೇಲೆ ‘ಎಲರು ಟೈಲರ್ಸ್’ ಎಂದು ದಪ್ಪಕ್ಷರದಲ್ಲಿ ಬರೆಸಿದಳು. ಯಾರಾದರೂ ಅರ್ಥ ಕೇಳಿದರೆ ಕತ್ತರಿ ಕೆಳಗಿಟ್ಟು, ಕೂರಿಸಿ, ವಿವರಿಸುತ್ತಿದ್ದಳು. ಗಿರಾಕಿಗಳಿಗೆ ಅವಸರವಿದ್ದರೆ ಅದು ಅವರ ಹಣೆಬರಹ.

ಹೀಗಿರುವಾಗ ತಮ್ಮ ಕೃಪೆಯಿಂದ ಆ ಹೆಸರು ಒಂದೇ ಸಂಜೆಯಲ್ಲಿ ದೇಶದ ಬಾಯಿಗೆಲ್ಲ ಬಿತ್ತು. ಸುಳ್ಳು ಹೇಳುವುದಿಲ್ಲ, ಮೊದಲ ಕೆಲವು ದಿನ ನಮ್ಮ ಮನೆಯಲ್ಲಿ ಅದು ಸಂಭ್ರಮವೇ ಆಗಿತ್ತು. ಸೋದರಮಾವ ಫೋನ್ ಮಾಡಿ, “ಏನಕ್ಕಾ, ಬಲಗೊಳ್ತಾ ಇದೀಯಂತೆ?” ಅಂದರು. ಅಮ್ಮ ಟಿ.ವಿ. ಮುಂದೆ ಕಾಲು ನೀವಿಕೊಳ್ಳುತ್ತ ಕೂತು, “ನೋಡೆ, ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಿದೀನಂತೆ. ಇಲ್ಲಿ ಬಚ್ಚಲಿಗೆ ಹೋಗೋಕೆ ನಿನ್ನ ಕೈ ಹಿಡೀಬೇಕು,” ಎಂದು ನಕ್ಕಳು. ಅವಳಿಗಿದ್ದ ಆಕ್ಷೇಪಣೆ ಒಂದೇ. “ಎಲರು ಸಮೀಪಿಸುತ್ತಿದೆ, ಎಲರು ದಿಕ್ಕು ಬದಲಿಸಿದೆ ಅಂತಾನಲ್ಲ ಈ ಹುಡುಗ, ‘ಅವರು’ ಅಂದ್ರೆ ಇವನ ಗಂಟೇನು ಹೋಗುತ್ತೆ?”

ಆಮೇಲೆ ಗಾಳಿ ಬಂತು.

ಅದನ್ನು ನಾನು ತಮಗೆ ವರ್ಣಿಸಬೇಕಿಲ್ಲ, ತಮ್ಮಲ್ಲಿ ಉಪಗ್ರಹದ ಚಿತ್ರಗಳಿವೆ. ಚಿತ್ರದಲ್ಲಿ ಕಾಣದ್ದನ್ನಷ್ಟೇ ಹೇಳುತ್ತೇನೆ. ನಮ್ಮ ಅಂಗಡಿಯ ಚಾವಣಿಯ ತಗಡು ಹಾರಿ ಎದುರಿನ ಔಷಧಿ ಅಂಗಡಿಯ ಬಾಗಿಲಿಗೆ ಅಡ್ಡ ಬಿತ್ತು. ಕಡಲ ದಡದ ಕಡೆಯ ಬೀದಿಯಲ್ಲಿ ಗೋಡೆಗಳು ನಿಂತಿದ್ದವು, ಮನೆಗಳು ಇರಲಿಲ್ಲ. ಎಚ್ಚರಿಕೆ ಕೇಳಿ ದಡಕ್ಕೆ ತಿರುಗಿದ ದೋಣಿಗಳಲ್ಲಿ ಒಂದು ಬರಲೇ ಇಲ್ಲ. ಮರುದಿನದ ಪತ್ರಿಕೆಯಲ್ಲಿ ಮುಖಪುಟದ ಉದ್ದಕ್ಕೂ ನನ್ನ ಅಮ್ಮನ ಹೆಸರು. ‘ಎಲರು ಅಟ್ಟಹಾಸ.’ ‘ಕೊಂದು ಹೋದಳು ಎಲರು.’ ಗಮನಿಸಿದಿರಾ ಮಾನ್ಯರೇ? ಬರುವವರೆಗೂ ಅವಳು ‘ಅದು’ ಆಗಿದ್ದಳು. ಜನ ಸತ್ತ ಮೇಲೆ ‘ಅವಳು’ ಆದಳು. ಅಮ್ಮ ಆ ಪತ್ರಿಕೆಯನ್ನು ಓದಿ ಮಡಚಿಟ್ಟಳು. ಟಿ.ವಿ. ಹಾಕು ಎಂದು ಮತ್ತೆ ಹೇಳಲಿಲ್ಲ.

ಕೆಲವು ವಾರಗಳ ಮೇಲೆ ಅವಳ ಮಂಡಿ ತೋರಿಸಲು ಸರ್ಕಾರಿ ಆಸ್ಪತ್ರೆಗೆ ಹೋದೆವು. ಉದ್ದನೆಯ ಪಡಸಾಲೆ, ಗೋಡೆಗೊರಗಿಸಿದ ಬೆಂಚುಗಳು, ಬೆಂಚಿಗಿಂತ ಹೆಚ್ಚು ಜನ. ಅದರಲ್ಲಿ ಅರ್ಧಕ್ಕರ್ಧ ದಡದ ಬೀದಿಯವರು. ಕೆಲವರಿಗೆ ಕಟ್ಟು, ಕೆಲವರಿಗೆ ಜ್ವರ. ನರ್ಸ್ ಹೊರಗೆ ಬಂದು ಚೀಟಿ ನೋಡಿ ಕೂಗಿದಳು, “ಎಲರು! ಎಲರು ಯಾರು?”

ಮಾತು ನಿಂತಿತು. ಅಷ್ಟು ಜನರಿರುವ ಜಾಗ ಅಷ್ಟು ಬೇಗ ಸುಮ್ಮನಾದದ್ದನ್ನು ನಾನು ಕಂಡಿಲ್ಲ. ಎದುರು ಬೆಂಚಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಒಬ್ಬಳು, ಮೂವತ್ತು ಮೂವತ್ತೈದರ ಹೆಂಗಸು, ಎದ್ದು ನಿಂತಳು. ಬಾರದ ದೋಣಿಯಲ್ಲಿದ್ದವನ ಹೆಂಡತಿ ಅವಳು ಎಂದು ಆಗಷ್ಟೇ ಯಾರೋ ಪಿಸುಗುಟ್ಟಿದ್ದರು. “ಯಾರದು?” ಅಂದಳು. ಅಷ್ಟೇ.

ನಾನು ಅಮ್ಮನ ಮೊಣಕೈ ಮುಟ್ಟಿದೆ. ಅಮ್ಮ ಮುಖ ಎತ್ತಲಿಲ್ಲ. ನರ್ಸ್ ಮತ್ತೆ ಕೂಗಿ, ನಮ್ಮ ಕಡೆ ನೋಡಿ, “ನೀವೇನಮ್ಮ?” ಎಂದಳು.

“ಅಲ್ಲಮ್ಮ,” ಅಂದಳು ಅಮ್ಮ. “ಅವರು ಆಗಲೇ ಹೋದ್ರು ಅನ್ಸುತ್ತೆ.”

ವೈದ್ಯರನ್ನು ಕಾಣದೆ ವಾಪಸು ಬಂದೆವು. ದಾರಿಯುದ್ದಕ್ಕೂ ನಾನು ಗೊಣಗಿದೆ. ಮಾಡದ ತಪ್ಪಿಗೆ ತಲೆ ತಗ್ಗಿಸುವುದೇಕೆ, ಹೌದು ನಾನೇ ಅನ್ನಬೇಕಿತ್ತು, ಹೆಸರೇ ಬೇರೆ, ಗಾಳಿಯೇ ಬೇರೆ ಎಂದೆಲ್ಲ. ಅವಳು ಕೇಳಿ ಕೇಳಿ ಕೊನೆಗೆ, “ಅವಳ ಮುಖ ನೋಡಿದ್ಯಾ ನೀನು? ನೋಡಿದ್ರೆ ಹೀಗೆ ಮಾತಾಡ್ತಿರಲಿಲ್ಲ,” ಅಂದಳು.

ಮರುವಾರ ಪೇಂಟರನ್ನು ಕರೆಸಿ ಬೋರ್ಡಿನ ಮೇಲಿನ ಮೊದಲ ಪದಕ್ಕೆ ಬಿಳಿ ಬಣ್ಣ ಬಳಿಸಿದಳು. ಉಳಿದದ್ದು ‘ಟೈಲರ್ಸ್’. ಯಾರ ಟೈಲರ್ಸ್? ಯಾರದ್ದೂ ಅಲ್ಲ. ಸೋದರಮಾವ ಫೋನಿನಲ್ಲಿ ಹೆಸರು ಹಿಡಿದು ಕರೆದರೆ “ರಾಂಗ್ ನಂಬರ್” ಎಂದು ಇಟ್ಟುಬಿಟ್ಟಳು. ಅವರು ಅಕ್ಕನಿಗೆ ಮರೆವು ಶುರುವಾಯಿತೆಂದು ಹೆದರಿ ಬಸ್ಸು ಹತ್ತಿ ಬಂದರು. ಇಷ್ಟು ವರ್ಷ ಎಲ್ಲ ಕಚೇರಿಗಳೂ ತಪ್ಪುತಪ್ಪಾಗಿ ಬರೆದರೂ ಬಿಟ್ಟುಕೊಡದ ಹೆಸರನ್ನು, ತಾವು ಸರಿಯಾಗಿ ಬರೆದು ಬಿಡಿಸಿಬಿಟ್ಟಿರಿ. ತಮ್ಮ ಕಾಗುಣಿತಕ್ಕೆ ನಮಸ್ಕಾರ.

ಆಗಲೇ ನಾನು ತಮ್ಮ ಕಚೇರಿಗೆ ಬಂದದ್ದು. ತಾವು ಸಭೆಯಲ್ಲಿದ್ದಿರಿ. ಹವೆ ತಂಪಾಗಿದ್ದ ಕೋಣೆಯಲ್ಲಿ ತಮ್ಮ ಸಹಾಯಕರೊಬ್ಬರು ಸೌಜನ್ಯದಿಂದಲೇ ಮಾತಾಡಿದರು.

“ಮೇಡಂ, ಒಂದು ರೀತಿ ಹೆಮ್ಮೆಯ ವಿಷಯ ಅಲ್ವಾ? ಇತಿಹಾಸದಲ್ಲಿ ಉಳಿಯುತ್ತೆ.”

“ಹಾಗಾದ್ರೆ ಮುಂದಿನದಕ್ಕೆ ನಿಮ್ಮ ಮಗಳ ಹೆಸರಿಡಿ,” ಅಂದೆ.

ಅವರಿಗೆ ಕೊಂಚ ಬೇಸರವಾಯಿತು. ನೀರಿನ ಲೋಟ ನನ್ನ ಕಡೆ ಸರಿಸಿ ಸಮಾಧಾನ ಹೇಳಿದರು. “ಟೆನ್ಷನ್ ಮಾಡ್ಕೋಬೇಡಿ. ಹಾನಿ ಜಾಸ್ತಿ ಆದ ಹೆಸರುಗಳನ್ನ ನಾವು ನಿವೃತ್ತಿ ಮಾಡಿಬಿಡ್ತೀವಿ. ಈ ಹೆಸರು ಇನ್ನು ಯಾವತ್ತೂ ಬರಲ್ಲ. ಆರ್ಡರ್ ಆಗಿದೆ.”

ನಿವೃತ್ತಿ! ಅರವತ್ತೆಂಟಾದರೂ ನಿವೃತ್ತಿಯ ಮಾತೆತ್ತದ ಹೆಂಗಸಿನ ಹೆಸರಿಗೆ ತಾವು ನಿವೃತ್ತಿ ಕೊಟ್ಟಿದ್ದೀರಿ. ಅಂದರೆ ಬೇರೆ ಯಾವ ಗಾಳಿಗೂ ಅದು ಹೋಗುವುದಿಲ್ಲ. ಎಂದೆಂದಿಗೂ ಆ ಒಂದು ಗಾಳಿಯದ್ದೇ ಆಗಿ ಉಳಿಯುತ್ತದೆ. ಶಿಕ್ಷೆಯೊಂದನ್ನು ಸೌಲಭ್ಯದ ಹಾಗೆ ಮಂಜೂರು ಮಾಡುವ ಕಲೆಯನ್ನು ತಮ್ಮಿಂದ ಕಲಿಯಬೇಕು.

ಈ ಪತ್ರ ಇಲ್ಲಿಗೇ ನಿಲ್ಲಬೇಕಿತ್ತು, ಕೊನೆಯಲ್ಲಿ ತಮ್ಮಿಂದ ಒಂದು ಕ್ಷಮಾಪಣೆ ಬೇಕೆಂದು ಕೇಳಿ. ಆದರೆ ಕಳೆದ ತಿಂಗಳು ನಡೆದ ಒಂದು ಸಂಗತಿಯಿಂದಾಗಿ ನನ್ನ ಬೇಡಿಕೆ ಬದಲಾಗಿದೆ.

ಆಸ್ಪತ್ರೆಯಲ್ಲಿ ಎದ್ದು ನಿಂತಿದ್ದ ಆ ಹೆಂಗಸು ನಮ್ಮ ಅಂಗಡಿಗೆ ಬಂದಳು. ಅವಳಿಗೆ ನಮ್ಮ ಗುರುತಿರಲಿಲ್ಲ. ನಮಗೆ ಅವಳ ಗುರುತು ಹತ್ತಲು ಕ್ಷಣವೂ ಬೇಕಾಗಲಿಲ್ಲ. ಚೀಲದಿಂದ ಗಂಡಸಿನ ಶರಟುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ತೊಳೆದು ಇಸ್ತ್ರಿ ಮಾಡಿದ್ದವು.

“ಇವನ್ನ ನನಗಾಗೋ ಹಾಗೆ ಚಿಕ್ಕದು ಮಾಡಿಕೊಡ್ತೀರಾ? ಐಸ್ ಫ್ಯಾಕ್ಟರೀಲಿ ಕೆಲಸ ಸಿಕ್ಕಿದೆ. ಒಳಗೆ ಭಾರಿ ಚಳಿ, ಮೇಲೆ ಹಾಕ್ಕೊಳ್ಳೋಕೆ ಬೇಕು.”

ಅಮ್ಮ ಟೇಪು ತೆಗೆದುಕೊಂಡು ಎದ್ದಳು. ಭುಜ, ತೋಳು, ಎದೆ. ಅಳತೆ ಬರೆದುಕೊಳ್ಳುವುದು ನನ್ನ ಕೆಲಸ. ಬರೆದುಕೊಂಡೆ. ಅಮ್ಮ ಒಂದು ಶರಟಿನ ಕಾಲರಿನ ಹತ್ತಿರ ಸವೆದ ಜಾಗವನ್ನು ಹೆಬ್ಬೆರಳಿನಿಂದ ಸವರಿ, “ಇದನ್ನ ತಿರುಗಿಸಿ ಹೊಲಿಯಲಾ, ಹೀಗೇ ಇರ್ಲಾ?” ಅಂದಳು.

“ಹೀಗೇ ಇರ್ಲಿ.”

ಹೊರಡುವಾಗ ಆ ಹೆಂಗಸು ಬೋರ್ಡಿನ ಕಡೆ ನೋಡಿ, “ತಗೊಂಡು ಹೋಗೋಕೆ ಬಂದಾಗ ಯಾರು ಅಂತ ಕೇಳಲಿ? ನಿಮ್ಮ ಹೆಸರೇನಮ್ಮ?” ಅಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, “ಎಲರು,” ಅಂದಳು. “ಆವತ್ತು ಆಸ್ಪತ್ರೇಲಿ ಕರೆದದ್ದೂ ನನ್ನನ್ನೇ. ಸುಳ್ಳು ಹೇಳಿದೆ.”

 ಅವಳು ಮೇಜಿನ ಅಂಚು ಹಿಡಿದುಕೊಂಡು, “ದಿನಾ ಬೈತೀನಮ್ಮ ಆ ಹೆಸರನ್ನ,” ಅಂದಳು. “ದಡದಲ್ಲಿ ನಿಂತ್ಕೊಂಡು, ಬಾಯಿಗೆ ಬಂದ ಹಾಗೆ. ಬರೀ ಗಾಳೀನ ಹೇಗೆ ಬೈಯೋದು ಹೇಳಿ? ಏನಾದ್ರೂ ಒಂದು ಹೆಸರು ಬೇಕಾಗಿತ್ತು ನನಗೆ.”

“ಹಾಗಾದ್ರೆ ಇಲ್ಲಿಗೇ ಬಾ,” ಅಂದಳು ಅಮ್ಮ. “ಅಲ್ಲಿ ನಿಂತು ಬೈದ್ರೆ ಯಾರು ಕೇಳಿಸ್ಕೋತಾರೆ? ಇಲ್ಲಿ ನಾನಿರ್ತೀನಿ.”

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬಾಗಿಲ ತನಕ ಹೋಗಿ ತಿರುಗಿ, ಆ ಹೆಸರಿನ ಅರ್ಥವೇನು ಎಂದು ಕೇಳಿದಳು. ಅಮ್ಮ ಕತ್ತರಿ ಕೆಳಗಿಟ್ಟು, ಕೂರಿಸಿ, ವಿವರಿಸಿದಳು. ಅರ್ಥ ಕೇಳಿದ ಮೇಲೆ ಅವಳಿಗೆ ನಗು ಬಂತು. ಒಳ್ಳೆಯ ನಗುವಲ್ಲ. ಆದರೂ ಅಮ್ಮನೂ ನಕ್ಕಳು.

ಈಗ ಅವಳು ಕೆಲಸ ಮುಗಿಸಿ ಹೋಗುವಾಗ ಆಗಾಗ ಬರುತ್ತಾಳೆ. ಗಂಡನ ಶರಟು ತೊಟ್ಟು, ತೋಳು ಮಡಚಿಕೊಂಡು. ಕೆಲವು ದಿನ ಟೀ ಕುಡಿದು ಹೋಗುತ್ತಾಳೆ. ಕೆಲವು ದಿನ ನಿಜವಾಗಿಯೂ ಬೈಯುತ್ತಾಳೆ, ಹೆಸರು ಹಿಡಿದೇ. ಬೀದಿಯವರು ತಲೆ ಹೊರಗೆ ಹಾಕಿ ನೋಡುವ ಹಾಗೆ. ಅಮ್ಮ ಯಂತ್ರ ನಿಲ್ಲಿಸಿ ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ನಡುನಡುವೆ “ಹೂಂ” ಅನ್ನುತ್ತಾಳೆ. ಬೋರ್ಡಿನ ಮೇಲೆ ಮತ್ತೆ ಹೆಸರು ಬರೆಸೋಣವೇ ಎಂದು ಕೇಳಿದೆ. “ಅವಳು ಹೇಳಿದಾಗ,” ಅಂದಳು.

ಮಾನ್ಯರೇ, ಇದು ಯಾರ ಕೆಲಸ? ಗಾಳಿಗೆ ಹೆಸರಿಟ್ಟವರು ತಾವು. ಆ ಹೆಸರಿಗೆ ಬಂದ ಬೈಗುಳಕ್ಕೆ ಓಗೊಡುತ್ತಿರುವವಳು ಸಂಬಳವಿಲ್ಲದ ನನ್ನ ಅಮ್ಮ. ನನಗೆ ತಮ್ಮ ಕ್ಷಮಾಪಣೆ ಬೇಡ. ಅದು ಯಾವ ಭಾಷೆಯಲ್ಲಿರುತ್ತದೆಂದು ಬಲ್ಲೆ. ಪರಿಹಾರವೂ ಬೇಡ. ನನ್ನ ಬೇಡಿಕೆ ಇಷ್ಟೇ: ತಮ್ಮ ಸಮಿತಿಯಿಂದ ಯಾರಾದರೂ ಒಬ್ಬರು, ಸಾಧ್ಯವಾದರೆ ತಾವೇ, ಒಂದು ಸಂಜೆ ನಮ್ಮ ಅಂಗಡಿಗೆ ಬರಬೇಕು. ಅವಳು ಬೈಯುವಾಗ ಅಮ್ಮನ ಪಕ್ಕದ ಸ್ಟೂಲಿನ ಮೇಲೆ ಕೂತು, ಮುಗಿಯುವವರೆಗೆ ಕೇಳಿಸಿಕೊಳ್ಳಬೇಕು. ಗಡಿಯಾರ ನೋಡಿಕೊಳ್ಳುವಂತಿಲ್ಲ.

ಬಂದಾಗ ತಮ್ಮ ಹೆಸರು ಕೇಳಿದರೆ ದಯವಿಟ್ಟು ಹುದ್ದೆ ಹೇಳಬೇಡಿ, ಹೆಸರನ್ನೇ ಹೇಳಿ. ಅವಳಿಗೆ ಬೈಯಲು ಅನುಕೂಲವಾಗುತ್ತದೆ.

ಇಂತಿ,
ತಾವು ನಿವೃತ್ತಿಗೊಳಿಸಿದ ಚಂಡಮಾರುತದ ಹಿರಿಯ ಮಗಳು,
ಅಳತೆ ಬರೆದುಕೊಳ್ಳುವವಳು