ಅತ್ತೆ ಕಾಶಿಯಲ್ಲಿ ಬಿಟ್ಟ ಬಣ್ಣ

ನನ್ನ ಮುದ್ದಿನ ಅತ್ತೆಗೆ,

ಬಂಗಾಲಿ ಟೋಲಾದ ನಮ್ಮ ಕೋಣೆಯಲ್ಲಿ, ನೀನು ಕೂರುತ್ತಿದ್ದ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಬಿಸಿಲು ಇನ್ನೂ ಗಲ್ಲಿಗೆ ಇಳಿದಿಲ್ಲ. ಈ ಹೊತ್ತಿನಲ್ಲಿ ನೀನು ಸ್ನಾನಕ್ಕೆ ಹೋಗಿದ್ದೀಯ, ಇನ್ನೇನು ಒದ್ದೆ ಸೆರಗು ಹಿಂಡುತ್ತಾ ಮೆಟ್ಟಿಲು ಹತ್ತಿ ಬರುತ್ತೀಯ ಎಂದೇ ಅನ್ನಿಸುತ್ತದೆ. ಹೋದ ಮಳೆಗಾಲದಲ್ಲೇ ನೀನು ಹೊರಟುಹೋದೆ ಎಂದು ಈ ಮನಸ್ಸಿಗೆ ಯಾರು ತಿಳಿಸಿ ಹೇಳಬೇಕು?

ನಾವು ಬಂದಿಳಿದ ದಿನ ನೆನಪಿದೆಯಾ? ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ನೀನು. ತಿಪಟೂರಿನ ಶಾಲೆಯಲ್ಲಿ ಹೊಲಿಗೆ ಮೇಡಂ ಆಗಿ ರಿಟೈರ್ ಆದವಳು, ಕೊನೆಗಾಲಕ್ಕೆ ಕಾಶಿ ಸೇರುತ್ತೇನೆ ಎಂದು ಹಟ ಹಿಡಿದೆ. ಹಾಗಾದರೆ ನಾನೂ ಅಲ್ಲೇ ಓದುತ್ತೇನೆ ಎಂದು ನಾನು ಹಟ ಹಿಡಿದೆ. ಬಟ್ಟೆಯ ವಿನ್ಯಾಸ ಕಲಿಯಲು ಬನಾರಸಕ್ಕಿಂತ ಒಳ್ಳೆಯ ಊರು ಬೇಕಾ ಎಂದು ಅಪ್ಪನನ್ನು ಒಪ್ಪಿಸಿದವಳೂ ನೀನೇ. ಕಂಟೋನ್ಮೆಂಟ್ ಸ್ಟೇಷನ್ನಿನ ಹೊರಗೆ ಆಟೋ ಹತ್ತುವಾಗ, "ನಾನು ಸಾಯೋಕೆ ಬಂದಿದೀನಿ, ನೀನು ಓದೋಕೆ. ಯಾರ ಕೋರ್ಸು ಮೊದಲು ಮುಗಿಯುತ್ತೋ ನೋಡೋಣ ಕಣೇ" ಎಂದು ನೀನು ನಕ್ಕೆ. ನನಗೆ ಮಾತ್ರ ನಗು ಬರಲಿಲ್ಲ.

ಆ ವಾರವೇ ಕೇದಾರ ಘಾಟಿನಲ್ಲಿ ನಿನ್ನ ಸಂಕಲ್ಪ. ಕಾಶಿಗೆ ಬಂದವರು ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಡಬೇಕಲ್ಲ. ನಾವು ಮೊದಲು ಇಳಿದಿದ್ದ ಲಾಡ್ಜಿನವರೆಲ್ಲ ಸಾಲಾಗಿ ನಿಂತು ಬಿಡುತ್ತಿದ್ದರು. ಒಬ್ಬರು ಸೀಬೆಹಣ್ಣು ಬಿಟ್ಟರು, ಇನ್ನೊಬ್ಬರು ಹುಟ್ಟಿದಾರಭ್ಯ ಮುಟ್ಟದ ಹಾಗಲಕಾಯಿಯನ್ನು ಭಾರೀ ತ್ಯಾಗದ ಮುಖ ಮಾಡಿಕೊಂಡು ಬಿಟ್ಟರು. ನೀನು ಮೂರು ಮುಳುಗು ಹಾಕಿ ಎದ್ದು, ನವಿಲುಕತ್ತಿನ ಬಣ್ಣ ಬಿಡುತ್ತೇನೆ ಎಂದೆ. ಸಂಕಲ್ಪ ಮಾಡಿಸುತ್ತಿದ್ದವರು ಮಠದ ಹತ್ತಿರವಿರುವ ನಮ್ಮ ಕಡೆಯ ಶಾಸ್ತ್ರಿಗಳು. ತಿನ್ನುವ ಪದಾರ್ಥವೊಂದನ್ನು ಬಿಡುವುದು ಪದ್ಧತಿ ಎಂದು ಅವರು ತಲೆ ಕೆರೆದುಕೊಂಡರು.

"ನಾನು ಇದನ್ನ ಕಣ್ಣಲ್ಲೇ ತಿಂದ್ಕೊಂಡು ಬದುಕಿರೋಳು ಶಾಸ್ತ್ರಿಗಳೇ. ಬಿಟ್ರೆ ನೋಯ್ಬೇಕು, ಅದಕ್ಕೆ ಇದೇ ಇರಲಿ," ಎಂದೆ ನೀನು. ಅವರು ಮಂತ್ರ ಹೇಳಿದರು. ಟ್ರಂಕಿನಲ್ಲಿದ್ದ ನವಿಲುಕತ್ತಿನ ಸೀರೆ ಸಂಜೆಯೊಳಗೆ ಪಕ್ಕದ ಕೋಣೆಯವರ ಪಾಲಾಯಿತು.

ಬೇರೆ ಊರಾಗಿದ್ದರೆ ಹೇಗೋ ನಡೆಯುತ್ತಿತ್ತು. ರೇಷ್ಮೆ ಸೀರೆಯ ಊರಿನಲ್ಲಿ ಕೂತು ಒಂದು ಬಣ್ಣವನ್ನು ನೋಡದೆ ಇರುವುದೆಂದರೆ... ಸೀರೆ ಅಂಗಡಿಗಳ ಗಲ್ಲಿಯಲ್ಲಿ ನೀನು ಸೆರಗನ್ನು ಮುಖದ ತುಂಬ ಎಳೆದುಕೊಂಡು, ನನ್ನ ಮೊಣಕೈ ಹಿಡಿದು ನಡೆಯುತ್ತಿದ್ದೆ. "ಮಾತಾಜಿ, ಆಂಖ್ ಮೇಂ ಕುಛ್ ಪಡ್ ಗಯಾ ಕ್ಯಾ?" ಕಣ್ಣಿಗೇನಾದರೂ ಬಿತ್ತಾ ಎಂದು ಅಂಗಡಿಯವನೊಬ್ಬ ಕುಡಿಯಲು ತಂದ ನೀರನ್ನೇ ಕಣ್ಣು ತೊಳೆಯಲು ಕೊಟ್ಟ. ನೀನು ಪಾಪ, ಬೇಡ ಎನ್ನಲಾರದೆ ತೊಳೆದುಕೊಂಡೆ. ಮನೆ ತಲುಪುವವರೆಗೂ ನಾನು ನಗುತ್ತಲೇ ಇದ್ದೆ.

ಮೊದಲ ವರ್ಷ ನಮ್ಮ ಕಾಲೇಜಿನ ಮೇಡಂ ನಮಗೆ ಊರಿನ ಮೈಯನ್ನೆಲ್ಲ ಕಾಗದದ ಮೇಲೆ ತನ್ನಿ ಎಂದಿದ್ದರು. ನಾನು ಘಾಟಿನ ಸವೆದ ಕಲ್ಲಿನ ಮೇಲೆ, ದೋಣಿಯ ಸುಲಿದ ಬಣ್ಣದ ಮೇಲೆ ಕಾಗದವಿಟ್ಟು ಇದ್ದಿಲು ಉಜ್ಜುತ್ತಿದ್ದೆ. ಗಾಳಿಗೆ ಹಾರದಂತೆ ಮೂಲೆ ಹಿಡಿದು ಕೂರುವುದು ನಿನ್ನ ಕೆಲಸ. ಸಾವಿರಾರು ಪಾದ ಉಜ್ಜಿದ ಮೆಟ್ಟಿಲು ಕಾಗದದ ಮೇಲೆ ಮೆಲ್ಲಗೆ ಮೂಡುವಾಗ ನಾವಿಬ್ಬರೂ ಬಗ್ಗಿ ನೋಡುತ್ತಿದ್ದೆವು. ಅದನ್ನೇ ಆಮೇಲೆ ಮರದ ಅಚ್ಚಿಗೆ ಕೆತ್ತಿಸಿ ಹತ್ತಿ ಬಟ್ಟೆಗೆ ಒತ್ತಿದೆ. ನೀನು ಅದರಲ್ಲಿ ದಿಂಬಿನ ಚೀಲ ಹೊಲಿದು, ಕೇದಾರ ಘಾಟಿನ ಮೇಲೆ ತಲೆಯಿಟ್ಟು ಮಲಗುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ.

ಸಂಜೆ ಲಂಕಾ ಬಡಾವಣೆಯ ಕಾಲೇಜಿನಿಂದ ನಾನು ಬರುವುದನ್ನೇ ಕಾಯುತ್ತಿದ್ದೆಯಲ್ಲ, ಇವತ್ತೇನು ಬಣ್ಣ ಕಲಸಿದೆ ಎಂದು ಕೇಳಲು? ಒಂದು ದಿನ ಗೆಳತಿಯ ಮಗ್ಗದಿಂದ ನವಿಲುಕತ್ತಿನ ತುಣುಕೊಂದನ್ನು ತಂದಿದ್ದೆ. ನೀನು ಗೋಡೆಗೆ ಮುಖ ತಿರುಗಿಸಿದೆ.

"ನೋಡಿದ್ರೆ ಬೇಕು ಅನ್ಸುತ್ತೆ ಕಣೇ. ಬಾಯಲ್ಲಿ ಹೇಳು, ಕೇಳ್ತೀನಿ. ಕಿವಿ ಬಿಟ್ಟಿಲ್ಲವಲ್ಲ."

ಹಾಗೆ ಶುರುವಾಯಿತು ನೋಡು. ಅದು ಒಂದೇ ಬಣ್ಣವಲ್ಲ ಅತ್ತೆ, ಹಾಸಿನ ಉದ್ದ ನೂಲು ನೀಲಿ, ಹೊಕ್ಕಿನ ಅಡ್ಡ ನೂಲು ಹಸಿರು, ಬಟ್ಟೆ ಅಲುಗಿದಾಗ ಒಂದು ಇನ್ನೊಂದರ ಕೆಳಗಿನಿಂದ ಇಣುಕುತ್ತದೆ ಎಂದೆ. ಇಲ್ಲಿಯ ನೇಕಾರರು ಅದನ್ನು ಧೂಪ್-ಛಾಂವ್, ಬಿಸಿಲು-ನೆರಳು ಎನ್ನುತ್ತಾರೆ ಎಂದೆ. ನೀನು ಕಣ್ಣು ಮುಚ್ಚಿಕೊಂಡೇ ಕೇಳಿದೆ. ದಿನಾ ಅದೇ ಕಥೆ ಬೇಕು ನಿನಗೆ, ಮಕ್ಕಳ ಹಾಗೆ. ಕೆಲವು ಸಂಜೆ ಹೇಳುತ್ತಾ ಹೇಳುತ್ತಾ ನನಗೇ ಕೋಣೆಯೆಲ್ಲ ಆ ಬಣ್ಣಕ್ಕೆ ತಿರುಗಿದಂತೆ ಕಾಣುತ್ತಿತ್ತು.

ಕೊನೆಯ ವರ್ಷದ ಕೆಲಸಕ್ಕೆ ಶಾಲೊಂದನ್ನು ನೇಯಲೆಂದು ನಾನು ಮಗ್ಗಕ್ಕೆ ನೀಲಿ ಹಾಸು ಏರಿಸಿದ ವಾರ ಗಂಗೆ ಉಕ್ಕಿ ಮೆಟ್ಟಿಲುಗಳೆಲ್ಲ ಮುಳುಗಿದ್ದವು. ನೀನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಹೊಕ್ಕು ಯಾವುದು ಹಾಕ್ತೀಯ ಎಂದು ನೀನು ಕೇಳಿದೆ. ಇನ್ನೂ ತೀರ್ಮಾನಿಸಿಲ್ಲ ಎಂದೆ ನಾನು. ಹೂಂ ಎಂದವಳು ಮತ್ತೆ ಆ ಮಾತೆತ್ತಲಿಲ್ಲ. ನಿನಗೆ ಏನು ಬೇಕಿತ್ತೆಂದು ನನಗೆ ಗೊತ್ತಿರಲಿಲ್ಲವೇ? ಆದರೆ ಬದುಕಿರುವವರೆಗೂ ಕಣ್ಣೆತ್ತಿ ನೋಡುವುದಿಲ್ಲ ಎಂದು ನೀನು ಬಿಟ್ಟ ಬಣ್ಣವನ್ನು ನಿನಗೆಂದು ನೇಯುವುದು ಹೇಗೆ?

ನಿನ್ನ ಬೂದಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ ಆ ಹಾಸು ತಿಂಗಳುಗಟ್ಟಲೆ ಮಗ್ಗದ ಮೇಲೆ ಹಾಗೇ ಇತ್ತು. ಕೆಂಪು ಹೊಕ್ಕು ಹಾಕಿದರೆ ಬದನೆಕಾಯಿ ಬಣ್ಣ. ಬೂದು ಹಾಕಿದರೆ ಬಟ್ಟೆ ಸತ್ತುಹೋದ ಹಾಗಾಯಿತು. ನೇಯ್ದದ್ದನ್ನೆಲ್ಲ ಬಿಚ್ಚಿದೆ. ಒಪ್ಪಿಸುವ ದಿನ ಹತ್ತಿರ ಬಂತು, ಹೀಗೇ ಕೂತರೆ ವರ್ಷ ಹಾಳಾಗುತ್ತದೆ ಎಂದು ಮೇಡಂ ಗದರಿದರು. ನಿನ್ನ ವರ್ಷದ ಎಡೆಗೂ ಹೊಸ ಬಟ್ಟೆ ಇಡಬೇಕಿತ್ತು. ಅದು ನನ್ನ ಕೈಯದೇ ಆಗಬೇಕೆಂಬ ಆಸೆ ಬೇರೆ.

ಕೊನೆಗೆ ಶಾಸ್ತ್ರಿಗಳ ಬಳಿಗೇ ಹೋದೆ. ಕಾಶಿಯಲ್ಲಿ ಬಿಟ್ಟದ್ದು ಸತ್ತ ಮೇಲೂ ಬಿಟ್ಟದ್ದೇ ಆಗುತ್ತದಾ ಎಂದು ಕೇಳಿದೆ. ಅವರು ನದಿಯ ಕಡೆ ತಿರುಗಿದರು.

"ನನ್ನ ಹತ್ರ ಯಾರೂ ಇದನ್ನ ಕೇಳಿರ್ಲಿಲ್ಲಮ್ಮ," ಎಂದರು. "ನಿಮ್ಮತ್ತೆ ಅದನ್ನ ಗಂಗೆ ಹತ್ರ ಕೊಟ್ರು. ಈಗ ಅವರೂ ಅಲ್ಲೇ ಇದ್ದಾರಲ್ಲ."

ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ ಅತ್ತೆ. ನೀನು ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಮರುದಿನವೇ ಹಸಿರು ನೂಲನ್ನು ಲಾಳಿಗೆ ತುಂಬಿದೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ನೇಯ್ದು ಮುಗಿಸಿದೆ. ಅಂಚಿನಲ್ಲಿ ನೀನು ಮೂಲೆ ಹಿಡಿದಿದ್ದ ಆ ಮೆಟ್ಟಿಲಿನ ಅಚ್ಚು ಒತ್ತಿದ್ದೇನೆ. ಹೊರಗಿನಿಂದ ಬಂದ ಪರೀಕ್ಷಕರು ಬಟ್ಟೆಯನ್ನು ಕಿಟಕಿಯ ಬಳಿಗೆ ಒಯ್ದು, ಅಲುಗಿಸಿ, ಈ ಬಣ್ಣಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದರು. ಹೇಳಿದೆ. ನವಿಲುಕತ್ತು ಎಂದು ಮೇಡಂ ನಾಗರಿಯಲ್ಲಿ ಚೀಟಿ ಬರೆದು ಅಂಟಿಸಿದರು. ನಾನು ಪಾಸಾದೆ ಅತ್ತೆ. ನನ್ನ ಕೋರ್ಸೂ ಮುಗಿಯಿತು.

ಇವತ್ತು ಬೆಳಗ್ಗೆ ಅದನ್ನು ಕೇದಾರ ಘಾಟಿಗೆ ಒಯ್ದು, ನೀನು ಮುಳುಗಿದ್ದ ಜಾಗದಲ್ಲೇ ನೀರಿಗೆ ಅದ್ದಿದೆ. ಬಟ್ಟೆ ಅಲೆಯ ಮೇಲೆ ಹರಡಿಕೊಂಡು ನೀಲಿಯಾಯಿತು, ಹಸಿರಾಯಿತು, ಮತ್ತೆ ನೀಲಿಯಾಯಿತು. ಯಾರೋ ಆ ಕಡೆಯಿಂದ ಮೂಲೆ ಹಿಡಿದಂತೆ ಒಂದು ಗಳಿಗೆ ಬಿಗಿಯಾಗಿ ನಿಂತಿತ್ತು. ಪ್ರವಾಹವೇ ಇರಬೇಕು. ಆದರೂ...

ಈಗ ಕಿಟಕಿಯಲ್ಲಿ ಒಣಗುತ್ತಿದೆ. ಮಳೆಗಾಲದಲ್ಲಿ ನಿನ್ನ ಎಡೆಯ ಮುಂದೆ ಇಡುತ್ತೇನೆ, ಆಮೇಲೆ ನಾನು ಹೊದೆಯುತ್ತೇನೆ. ಆ ದಿನ ಬಾ. ಸೆರಗು ಮಾತ್ರ ಮುಖಕ್ಕೆ ಎಳೆದುಕೊಳ್ಳಬೇಡ.

ನಿನ್ನ
ಪುಟ್ಟಿ