ಎಡಗಡೆಯ ಪೊರೆ

ಅಡುಗೆಕೋಣೆಯ ಮೇಜು, ನಮ್ಮ ಮನೆ
ಹನ್ನೊಂದನೇ ತಾರೀಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ 'ರೀ' ಅವರಿಗೆ,

ಮೊದಲು ನಿಮ್ಮ ಮೊಣಕಾಲಿನ ಸಮಾಚಾರ ಹೇಳಿ. ಎಂಜಿನ್ ಕೋಣೆಯ ಆ ಕಬ್ಬಿಣದ ಏಣಿಯನ್ನು ದಿನಕ್ಕೆಷ್ಟು ಸಲ ಹತ್ತಿ ಇಳಿಯುತ್ತೀರೋ, ಹಡಗಿನ ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತೀರೋ ಅಥವಾ ಅದನ್ನೂ ಯಾವುದೋ ಸೋರುವ ಪೈಪಿಗೆ ಸುತ್ತಿಬಿಟ್ಟಿದ್ದೀರೋ, ನಿಮ್ಮನ್ನು ನಂಬುವಂತಿಲ್ಲ. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀರಿ ತಾನೆ? ನಾನು ಗಟ್ಟಿಮುಟ್ಟಾಗಿದ್ದೇನೆ. ನನ್ನ ಕಂಚಿನ ಕಂಠಕ್ಕೂ ಏನೂ ಆಗಿಲ್ಲ, ಬೇಕಿದ್ದರೆ ಪಕ್ಕದ ಮನೆಯಾಕೆಯನ್ನು ಕೇಳಿ. ಮೊನ್ನೆ ಪಾತ್ರೆ ತೊಳೆಯುತ್ತಾ ನಮ್ಮ ಕಂಪನಿಯ ಹಳೆಯ ನಾಟಕದ ರಾಣಿಯ ಮಾತು ಹೇಳಿಕೊಳ್ಳುತ್ತಿದ್ದೆ. ರಾಣಿಗೆ ಉತ್ತರ ಕೊಡಲು ರಾಜನಿಲ್ಲವಲ್ಲ, ಅವನ ಮಾತನ್ನೂ ನಾನೇ ಹೇಳಿ, ಮಂತ್ರಿಯದನ್ನೂ ಹೇಳಿ, ಕೊನೆಗೆ ಬಾಗಿಲ ಭಟನ 'ಅಪ್ಪಣೆ ಪ್ರಭು' ಎಂಬುದನ್ನೂ ಬಿಡದೆ ಮುಗಿಸಿದಾಗ, ಆಕೆ ಗೋಡೆ ತಟ್ಟಿ, 'ಮನೇಲಿ ನೆಂಟರು ಬಂದಿದಾರೇನ್ರೀ?' ಎಂದಳು. ಹೌದಮ್ಮ, ಒಂದು ಆಸ್ಥಾನವೇ ಬಂದಿದೆ ಎಂದೆ. ಆಮೇಲೆ ಇದ್ದ ಒಂದು ತಟ್ಟೆಯನ್ನು ಒರೆಸಿ ಇಟ್ಟೆ.

ಈಗ ಸುದ್ದಿ. ಬಂದರು ಮುಟ್ಟುವವರೆಗೆ ನಿಮಗೆ ಫೋನ್ ಸಿಗುವುದಿಲ್ಲ, ಗೊತ್ತು. ಅದಕ್ಕೇ ಈ ಕಾಗದವನ್ನು ಆ ಬಂದರಿನ ಕಚೇರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿಮಗಿಂತ ಮೊದಲೇ ಇದು ಅಲ್ಲಿ ಹೋಗಿ ಕುಳಿತಿರಲಿ. ಹೋದ ತಿಂಗಳು ತರಕಾರಿ ಅಂಗಡಿಯ ಮುಂದೆ ನಿಮ್ಮ ಹಡಗಿನ ಅಡುಗೆಯವರ ಹೆಂಡತಿ ಸಿಕ್ಕಳು. ಮರುಕವೋ ಮೆಚ್ಚುಗೆಯೋ, ನನ್ನ ಕೈ ಹಿಡಿದುಕೊಂಡು, 'ಅಕ್ಕಾ, ನಿಮ್ಮನೆಯವರು ಇನ್ನೆರಡು ವರ್ಷ ಹಡಗಲ್ಲೇ ಇರ್ತಾರಂತೆ, ಮುಂದಿನ ಬಂದರಲ್ಲಿ ಸಹಿ ಹಾಕ್ತಾರಂತೆ. ನೀವೇ ಆಗಲಿ ಅಂದ್ರಂತಲ್ಲ, ದೊಡ್ಡ ಮನಸ್ಸು ಬಿಡಿ ನಿಮ್ದು' ಎಂದಳು. ನಾನು ಆಗಲಿ ಎಂದೆನಂತೆ. ಯಾವ ಅಂಕದಲ್ಲಿ, ಯಾವ ದೃಶ್ಯದಲ್ಲಿ, ಎದುರು ಪಾತ್ರ ಯಾರು? ಈ ಬೇಸಿಗೆ ಕಳೆದರೆ ನೀವು ಮನೆಗೆ ಬಂದುಬಿಡುತ್ತೀರಿ, ಇನ್ನು ಹೋಗುವುದಿಲ್ಲ ಎಂದು ಕಾಯುತ್ತಿದ್ದವಳು ನಾನು. ಆದರೂ ಬೀದಿಯಲ್ಲಿ ಗಂಡನ ಮಾತು ಸುಳ್ಳು ಮಾಡಬಾರದೆಂದು, ಹೂಂ ಕಣಮ್ಮಾ ಎಂದು ನಕ್ಕೆ. ಅರ್ಧ ಆಯುಷ್ಯ ಬಣ್ಣ ಹಚ್ಚಿದ್ದು ಆ ಹೊತ್ತಿಗೆ ಉಪಯೋಗಕ್ಕೆ ಬಂತು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅನ್ನಿಸಿತು, ಇದು ಹೊಸದೇನಲ್ಲ. ವರ್ಷದಿಂದ ಫೋನಿನಲ್ಲಿ ನಿಮ್ಮ ದನಿ ಇಳಿಯುತ್ತಲೇ ಬಂದಿತ್ತು. ಎದುರಿಗೆ ಕುಳಿತು ಮಾತಾಡಿದಂತಿದ್ದವರು ಪಕ್ಕದ ಕೋಣೆಗೆ ಹೋದಿರಿ, ಆಮೇಲೆ ಬೀದಿಯಾಚೆಗೆ ಹೋದಿರಿ. ಮನಸ್ಸು ದೂರವಾದವರ ದನಿ ಹೀಗೇ ಸಣ್ಣದಾಗುತ್ತದೆ ಎಂದುಕೊಂಡೆ.

ಸಿಟ್ಟು ಇಳಿಯದೆ, ಕಪಾಟಿನ ಮೇಲಿದ್ದ ನಿಮ್ಮ ಹಳೆಯ ಹೆಡ್‌ಫೋನಿನ ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಗುಜರಿಗೆ ಹಾಕಿಬಿಡೋಣ ಎಂದೇ ಇಳಿಸಿದ್ದು, ಸುಳ್ಳೇಕೆ ಹೇಳಲಿ. ಸವತಿಯಂತೆ ನನಗಿಂತ ಮುಂಚೆ ಈ ಮನೆ ಸೇರಿದ್ದು ಅದು. ಕಳೆದ ರಜೆಯಲ್ಲಿ ಎಡಗಡೆ ಸದ್ದು ಸತ್ತು, ಎರಡೂ ಕಡೆ ಚಟಪಟ ಎನ್ನತೊಡಗಿದಾಗ, 'ಇದರ ಆಯುಷ್ಯ ಮುಗೀತು ಕಣೇ' ಎಂದು ನೀವು ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟ ರೀತಿ ಕಣ್ಣ ಮುಂದೆ ಬಂತು. ಮಗುವಿಗೆ ಹೊದಿಸಿದಂತೆ ಸುತ್ತಿದ್ದಿರಿ. ಗುಜರಿಯವನು ಬಾಗಿಲ ಮುಂದೆಯೇ ಕೂಗಿಕೊಂಡು ಹೋದ. ಕರೆಯಲು ನನಗೆ ಬಾಯಿ ಬರಲಿಲ್ಲ. ಮೂಲೆಯ ಟಿವಿ ರಿಪೇರಿ ಅಂಗಡಿಯ ಶಾಕ್ ಮಾಮನನ್ನು ಕರೆದೆ. ಎಷ್ಟು ಸಲ ಕರೆಂಟು ಹೊಡೆಸಿಕೊಂಡು ಆ ಹೆಸರು ಗಳಿಸಿದನೋ, ಅವನಿಗೇ ಲೆಕ್ಕವಿಲ್ಲ.

ನೀವು ಬಲ್ಲದ್ದೇ, ಆದರೂ ಹೇಳುತ್ತೇನೆ. ರಂಗದ ಮೇಲೆ ನಾನಿರುವಾಗ ನೀವು ಕುಳಿತು ಕೇಳಬೇಕು. ಬೇರೆ ಹೆಡ್‌ಫೋನುಗಳಲ್ಲಿರುವ ಅಯಸ್ಕಾಂತ, ತಂತಿಯ ಸುರುಳಿ ಇದರಲ್ಲಿಲ್ಲ. ಎರಡು ತೂತುತೂತಾದ ಲೋಹದ ತಗಡು, ನಡುವೆ ಎರಡಕ್ಕೂ ತಾಗದಂತೆ ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗಿನ ಒಂದು ಪೊರೆ. ಆ ಪೊರೆಯ ಮೇಲೆ ಐನೂರು ಆರುನೂರು ವೋಲ್ಟು ಸುಮ್ಮನೆ ಕುಳಿತಿರುತ್ತದಂತೆ. ತಗಡುಗಳು ಅದನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆದಾಗ ಅದು ನಡುಗಿ ಹಾಡುತ್ತದೆ. ಇಷ್ಟನ್ನು ಕಿವಿಗೆ ಒತ್ತಿಕೊಂಡು ನೀವು ಕಣ್ಣು ಮುಚ್ಚಿ ಮಲಗುತ್ತಿದ್ದಿರಲ್ಲ! ಅದಕ್ಕೆ ಬಲ ಕೊಡುವ ಕಪ್ಪು ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಶಾಕ್ ಮಾಮ ಪಾಠ ಹೇಳಿದ. 'ಪ್ಲಗ್ ಕಿತ್ತ ಮೇಲೂ ಒಳಗೆ ಕೆಪಾಸಿಟರ್‌ನಲ್ಲಿ ಕರೆಂಟ್ ಕೂತಿರುತ್ತೆ. ಅದನ್ನ ಇಳಿಸಿ, ಮೀಟರ್ ಹಿಡಿದು ನೋಡಿ, ಆಮೇಲೇ ಕೈ ಹಾಕ್ಬೇಕು. ಅದೂ ಒಂದೇ ಕೈ, ಇನ್ನೊಂದು ಬೆನ್ನ ಹಿಂದೆ. ಇದು ನಾಟಕ ಅಲ್ಲ ಅಕ್ಕಾ, ಸತ್ತವರು ಎದ್ದು ಬಂದು ಪರದೆ ಮುಂದೆ ಕೈ ಮುಗಿಯೋಕಾಗಲ್ಲ.' ನಾನು ಅಂಗಡಿಯ ಸ್ಟೂಲಿನ ಮೇಲೆ ಬೆನ್ನ ಹಿಂದೆ ಕೈ ಕಟ್ಟಿ ಕುಳಿತೇ ನೋಡಿದೆ. ಪುಡಿಪುಡಿಯಾಗಿದ್ದ ವೈರುಗಳನ್ನು ಕಿತ್ತು ಹೊಸದು ಹಾಕಿದ. ಊದಿಕೊಂಡಿದ್ದ ಕೆಪಾಸಿಟರುಗಳನ್ನು ಬದಲಿಸಿದ. ಪೆಟ್ಟಿಗೆಗೆ ಅರ್ಥ್ ಕೊಟ್ಟು ಫ್ಯೂಸ್ ಕೂರಿಸಿದ. ಪೊರೆಗೆ ಹೋಗುವ ದಾರಿಯಲ್ಲಿ ದೊಡ್ಡ ರೆಸಿಸ್ಟರ್ ಇಟ್ಟು, ಎಲ್ಲಾದರೂ ತಾಗಿದರೂ ಕರೆಂಟು ಹನಿಹನಿಯಾಗಿ ಮಾತ್ರ ಬರುವಂತೆ ಮಾಡಿದ. ಸ್ವಿಚ್ ಆರಿಸಿದರೆ ಉಳಿದದ್ದು ತಾನಾಗಿ ಇಳಿದುಹೋಗಲು ಇನ್ನೊಂದನ್ನು ಸೇರಿಸಿದ. ಇನ್ನು ನೀವು ಧೈರ್ಯವಾಗಿ ಮಲಗಬಹುದು.

ಪೊರೆಯನ್ನು ಮಾತ್ರ ನಾನೇ ಹಾಕುತ್ತೇನೆಂದು ಮನೆಗೆ ತಂದೆ. ಅವನ ಬೆರಳು ನಡುಗುತ್ತದೆ, ಪಾಪ. ಕಿಟಕಿಯ ಗಾಜಿನ ಮೇಲೆ ಅವನು ತರಿಸಿಕೊಟ್ಟ ಹೊಸ ಪೊರೆ ಹಾಸಿ, ಸುತ್ತಲೂ ಟೇಪಿನಿಂದ ಎಳೆದು, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಬಿಟ್ಟು ಬಿಗಿ ಮಾಡಿದೆ. ಆಮೇಲೆ, ಪೊರೆ ಕರೆಂಟು ಹಿಡಿಯಲೆಂದು, ಪೆನ್ಸಿಲ್ ಕಡ್ಡಿಯ ಪುಡಿಯನ್ನು ಬೆರಳ ತುದಿಯಿಂದ ಉಜ್ಜಿ, ಇದೆಯೋ ಇಲ್ಲವೋ ಎನ್ನುವಷ್ಟು ಉಳಿಯುವಂತೆ ಒರೆಸಬೇಕು. ಕಡಿಮೆಯಾದರೆ ಪೊರೆ ಮೂಕ, ಹೆಚ್ಚಾದರೆ ಒರಟು. ನನ್ನಮ್ಮ ಬಣ್ಣದ ಕೋಣೆಯಲ್ಲಿ ನನ್ನ ಕೆನ್ನೆಗೆ ಪೌಡರು ಹಚ್ಚುವಾಗ, 'ಹಚ್ಚಿದ್ದೂ ಕಾಣಬಾರ್ದು, ಹಚ್ಚದೆ ಇದ್ದದ್ದೂ ಕಾಣಬಾರ್ದು' ಎನ್ನುತ್ತಿದ್ದಳು. ಆ ವಿದ್ಯೆ ನನ್ನ ಬೆರಳಲ್ಲಿತ್ತು. ಹರಿದಿದ್ದ ಕಿವಿದಿಂಬುಗಳಿಗೆ ರಾಣಿಯ ಮೇಲಂಗಿಯ ಮಖಮಲ್ಲಿನ ಅಂಚು ಕತ್ತರಿಸಿ ಹೊಲಿದೆ. ಎಡಗಡೆಯದು ಯಾವುದೆಂದು ಗುರುತಿಗೆ ಒಂದು ಚುಕ್ಕೆ ಉಗುರುಬಣ್ಣ ಇಟ್ಟೆ.

ಹಾಕಿಕೊಂಡು ಕುಳಿತು ನಿಮ್ಮ ಪಿಟೀಲಿನ ರೆಕಾರ್ಡು ಇಟ್ಟೆ. ಪೊರೆ ಕರೆಂಟು ತುಂಬಿಕೊಳ್ಳುವವರೆಗೆ ನಿಶ್ಶಬ್ದ, ಆಮೇಲೆ ದೀಪ ಏರಿಸಿದಂತೆ ಮೆಲ್ಲಗೆ ಸದ್ದು ಬಂತು. ಬಲಗಡೆ, ಕಮಾನು ತಂತಿಗೆ ತಾಗುವ ಮುಂಚೆ ನುಡಿಸುವವರು ಉಸಿರೆಳೆದುಕೊಂಡದ್ದೂ ಕೇಳಿಸಿತು. ಎಡಗಡೆ ಮಾತ್ರ ಯಾರದೋ ಮನೆಯ ಸಂಗೀತ. ಬಿಚ್ಚಿ ಬೇರೆ ಪೊರೆ ಹಾಕಿದೆ, ಅದೇ ಕಥೆ. ಮತ್ತೆ ಬಿಚ್ಚಿದೆ. ಯಜಮಾನರ ಹಟವೇ ಬಂದಿದೆ ನಿನಗೆ ಎಂದು ಬೈದು ಮತ್ತೊಂದು ಹಾಕಿದೆ. ಮೊನ್ನೆ ಭಾನುವಾರ ಮಧ್ಯಾಹ್ನ ಇನ್ನೊಮ್ಮೆ ಕೇಳಿ, ಅದೇ ಮಂಕು ಸದ್ದು ಎಂದು ಬೇಸತ್ತು ತಲೆಯಿಂದ ತೆಗೆದು ನೋಡುತ್ತೇನೆ, ಉಗುರುಬಣ್ಣದ ಚುಕ್ಕೆ ನನ್ನ ಬಲಗೈಯಲ್ಲಿತ್ತು. ವೈರು ಕುರ್ಚಿಯ ಕಾಲಿಗೆ ಸುತ್ತಿಕೊಂಡಿದ್ದರಿಂದ, ಆ ಸಲ ಗಮನವಿಲ್ಲದೆ ತಿರುಗಮುರುಗ ಹಾಕಿಕೊಂಡಿದ್ದೆ. ಕೆಟ್ಟದ್ದೆಂದು ನಾನು ಮತ್ತೆ ಮತ್ತೆ ಬಿಚ್ಚಿದ ಆ ಎಡಗಡೆಯದು ಅಷ್ಟು ಹೊತ್ತೂ ನನ್ನ ಬಲಗಿವಿಯಲ್ಲಿ ಜೇನಿನಂತೆ ಹಾಡುತ್ತಿತ್ತು. ಸರಿಯಾಗಿದ್ದ ಬಲಗಡೆಯದು ಎಡಗಿವಿಗೆ ಬಂದು ಮಂಕಾಗಿತ್ತು. ತಿರುಗಿಸಿ ಹಾಕಿಕೊಂಡೆ, ಮತ್ತೆ ತಿರುಗಿಸಿದೆ. ಹೆಡ್‌ಫೋನು ತಿರುಗಿತು, ಮಂಕು ಮಾತ್ರ ಎಡಗಡೆಯೇ ಉಳಿಯಿತು.

ಶಾಕ್ ಮಾಮನ ಅಂಗಡಿಗೆ ಒಯ್ದೆ. ಕೇಳಿ, 'ಎರಡೂ ಕಡೆ ಒಂದೇ ಸಮ ಇದೆ ಅಕ್ಕಾ, ಇದಕ್ಕಿನ್ನೇನು ರಿಪೇರಿ?' ಎಂದ. ಏನೂ ಬೇಡಪ್ಪ ಎಂದು ಬಂದೆ. ಮನೆಗೆ ಬಂದವಳೇ ಗೋಡೆಯ ಫೋನು ಎತ್ತಿ ಎಡಗಿವಿಗೆ ಹಿಡಿದೆ. ನಾನು ಯಾವಾಗಲೂ ಎಡಗಿವಿಗೇ ಹಿಡಿಯುವುದು, ನಿಮಗೆ ಗೊತ್ತು, ಬಲಗೈಗೆ ಒಲೆಯ ಕೆಲಸವಿರುತ್ತದೆ. ಎಲ್ಲೋ ಒಂದು ನೊಣ ಇದ್ದಂತಿತ್ತು. ಬಲಗಿವಿಗೆ ಹಿಡಿದೆ. ಯಾರೂ ಇಲ್ಲದ ಆ ಫೋನು ಗುಂಯ್ ಎಂದು ಕೋಣೆಯೆಲ್ಲ ತುಂಬಿತು. ನೀವು ಪಕ್ಕದ ಕೋಣೆಗೂ ಹೋಗಿರಲಿಲ್ಲ, ಬೀದಿಯಾಚೆಗೂ ಹೋಗಿರಲಿಲ್ಲ. ನಿನ್ನೆ ಕಿವಿಯ ಡಾಕ್ಟರಿಗೆ ತೋರಿಸಿದೆ. ಹೋದದ್ದು ಹೋಯಿತು, ಬಲಗಡೆಯದು ಗಟ್ಟಿ ಇದೆ, ಹೆದರಬೇಡಿ ಎಂದರು. ಎಂಜಿನ್ನಿನ ಪಕ್ಕ ನಿಂತವರ ಕಿವಿ ನೆಟ್ಟಗಿದೆ, ಮನೆಯಲ್ಲಿ ಕುಳಿತವಳದು ಹೋಯಿತು, ಇದಕ್ಕೆ ನಗದೆ ಇನ್ನೇನು ಮಾಡಲಿ.

ನಿಮ್ಮ ಹೆಡ್‌ಫೋನನ್ನು ದೂಳು ತಾಗದಂತೆ ಮುಚ್ಚಿಟ್ಟಿದ್ದೇನೆ. ಅಡುಗೆಯವರಿಗೆ ನಾನು ಕೇಳಿದೆನೆಂದು ಹೇಳಿ. ಅಲೆ ಜೋರಿದ್ದ ದಿನ ಆ ಏಣಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯಿರಿ, ಅಲ್ಲಿ ಶಾಕ್ ಮಾಮನ ಪಾಠ ಬೇಡ.

ಕೊನೆಯ ಸಾಲಿನವರೆಗೂ ಕೇಳಿಸುವ,
ನಿಮ್ಮವಳು

ಮತ್ತೆ: ಮರೆತು ಬರೆಯುತ್ತಿರುವುದಲ್ಲ ಇದು, ಮೇಲೆ ಬರೆಯಲು ಕೈ ಏಳಲಿಲ್ಲ. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಆ ಎರಡು ವರ್ಷದ ಮಾತನ್ನು ನೀವು ನನ್ನನ್ನು ಕೇಳಿಯೇ ಇರಬೇಕು, ಫೋನಿನಲ್ಲಿ. ಏನಂದಿರಿ ಏನಂದಿರಿ ಎಂದರೆ ಬೇಸರವಾಗಿ ಇಟ್ಟುಬಿಟ್ಟೀರೆಂದು, ನಿಮ್ಮ ದನಿ ನಿಂತಲ್ಲೆಲ್ಲ ಹೂಂ, ಆಗಲಿ ಎನ್ನುತ್ತಿದ್ದೆ. ಆಗಲಿ ಎಂದದ್ದು ನಿಮ್ಮ ದನಿಗೆ, ಪ್ರಶ್ನೆಗಲ್ಲ. ಪ್ರಶ್ನೆಗೆ ನನ್ನ ಉತ್ತರ, ಬೇಡ. ಸಹಿ ಹಾಕಬೇಡಿ, ಮನೆಗೆ ಬನ್ನಿ. ಹಾಕಿ ಆಗಿದ್ದರೆ, ಅದನ್ನು ಇನ್ಯಾರ ಕೈಲೂ ಹೇಳಿಸಬೇಡಿ. ಫೋನ್ ಮಾಡಿ ನೀವೇ ಹೇಳಿ. ಈ ಸಲ ಕೇಳಿಸುತ್ತದೆ.