ಅಪ್ಪ ತಿನ್ನದ ಕಾಳು

ನವೆಂಬರ್ 3, ಭಾನುವಾರ. ಬೆಳಿಗ್ಗೆ

ಇವತ್ತೂ ಐದಕ್ಕೇ ಎಚ್ಚರ. ಕೆಳಗೆ ಅಂಗಡಿಯಲ್ಲಿ ಬೆಂದ ಫೂಲ್ ಕಾಳಿನ ವಾಸನೆ ಮೆಟ್ಟಿಲು ಹತ್ತಿ ಬಂದಿತ್ತು. ಅಲೆಕ್ಸಾಂಡ್ರಿಯಾದ ಈ ಬೀದಿಗೆಲ್ಲ ತಿಂಡಿ ನಮ್ಮ ಹಂಡೆಯಿಂದಲೇ. ನನ್ನ ಗಂಡ ಮಹಾಶಯ ಹಮ್ದಿ ಆಗಲೇ ಕೆಳಗೆ ಗಂಟಲು ಹರಿದುಕೊಳ್ಳುತ್ತಿದ್ದ.

ನನ್ನ ಮಗ ಅನಸ್‌ಗೆ ಇವತ್ತು ಮೊದಲ ತುತ್ತು. ಹಲ್ಲು ಬಂದ ಮೊಮ್ಮಗುವಿಗೆ ಹಂಡೆಯಿಂದ ತೆಗೆದು ಅಜ್ಜಿಯೇ ತಿನ್ನಿಸಬೇಕು — ಈ ಮನೆಯ ಪದ್ಧತಿ. ಅತ್ತೆ ನುಣ್ಣಗೆ ಹಿಸುಕಿ, ಚೂರು ಜೀರಿಗೆ ಹಾಕಿ ತಿನ್ನಿಸಿದರು. ಚಪ್ಪರಿಸಿ ತಿಂದ ಕಳ್ಳ. ಅತ್ತೆಗೆ ಆಕಾಶಕ್ಕೆ ಮೂರೇ ಗೇಣು. ಸದ್ಯ, ನಿಮ್ಮಪ್ಪನ ಪಾಶಾ ನಾಲಿಗೆ ಇವನಿಗೆ ಬಂದಿಲ್ಲ ಎಂದು ಚುಚ್ಚಿದರು. ಅಪ್ಪ ರಶೀದ್ ಊರಿನಲ್ಲಿ ದೋಣಿ ಮಾಡುವ ಬಡಗಿ, ಬಡವ. ಆದರೂ ಬಡವರ ಊಟವಾದ ಫೂಲ್ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅದಕ್ಕೇ ಅತ್ತೆಯ ಬಾಯಲ್ಲಿ ಪಾಶಾ, ದೊಡ್ಡ ಸಾಹುಕಾರ.

ನವೆಂಬರ್ 5, ಮಂಗಳವಾರ

ಅನಸ್ ಏಳುತ್ತಿಲ್ಲ. ಹಾಲು ಬೇಡ, ಆಟ ಬೇಡ. ಕಣ್ಣು ಹಳದಿ. ಚಡ್ಡಿ ಬದಲಿಸುವಾಗ ನೋಡಿದೆ — ಮೂತ್ರ ಕಡು ಚಹಾದ ಬಣ್ಣ. ಹಮ್ದಿ ಟ್ಯಾಕ್ಸಿ ತರಲು ಓಡಿದ್ದಾನೆ. ದೇವರೇ...

ನವೆಂಬರ್ 6. ಆಸ್ಪತ್ರೆ

ರಕ್ತ ಕೊಟ್ಟಿದ್ದಾರೆ. ತುಟಿಗೆ ಸ್ವಲ್ಪ ಕೆಂಪು ಬಂದಿದೆ.

ಡಾಕ್ಟರಮ್ಮ ಕೇಳಿದ್ದು — ಮನೆಯಲ್ಲಿ ಫೂಲ್ ಆಗದವರು ಯಾರಾದರೂ ಇದ್ದಾರಾ? ಸುದ್ದಿ ಕೇಳಿ ಓಡಿಬಂದ ಅಪ್ಪ ಅಲ್ಲೇ ನಿಂತಿದ್ದ. ಚಿಕ್ಕಂದಿನಲ್ಲಿ ಒಮ್ಮೆ ತಿಂದು ಸಾಯುವ ಹಾಗಾಗಿತ್ತಂತೆ. ದೃಷ್ಟಿಯಾಗಿದೆ ಎಂದು ಅಜ್ಜಿ ಧೂಪ ಹಾಕಿದಳಂತೆ. ಆಮೇಲೆ ಮುಟ್ಟಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು — ರಕ್ತಕಣಗಳನ್ನು ಕಾಯುವ ಒಂದು ವಸ್ತು ಅಪ್ಪನ ಮೈಯಲ್ಲೂ ಅನಸ್ ಮೈಯಲ್ಲೂ ಕಡಿಮೆ. ಫೂಲ್ ತಿಂದರೆ ಕಣಗಳು ಒಡೆಯುತ್ತವೆ. ಆ ಕೊರತೆ ಬರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಂಗಸರಿಗೆ ಎಕ್ಸ್ ಎರಡು — ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟಿದ್ದರೂ ಸಾಮಾನ್ಯವಾಗಿ ಇನ್ನೊಂದು ಕಾಯುತ್ತದೆ. ಗಂಡಸರಿಗೆ ಒಂದೇ, ಅದೂ ತಾಯಿಯದು. ಅಂದರೆ ಅಪ್ಪನಿಂದ ನನಗೆ, ನನ್ನಿಂದ ಅನಸ್‌ಗೆ. ನಾನೋ, ದಿನಾ ಫೂಲ್ ತಿಂದು ಗುಂಡುಕಲ್ಲಿನ ಹಾಗಿದ್ದೇನೆ.

ಅತ್ತೆ ಗೋಡೆಗೆ ಒರಗಿ ಅತ್ತರು.

"ನಿಮ್ಮನೆ ರಕ್ತದ ದೋಷ ಕಣೇ. ನನ್ ಕೈಯಲ್ಲೇ ನನ್ ಮೊಮ್ಮಗನಿಗೆ ವಿಷ ಹಾಕಿಸ್ತು."

ಅಪ್ಪನಿಗೆ ಕೇಳಿಸಿತು. ಟೋಪಿ ಹಾಕಿಕೊಂಡು ಹೊರಟುಹೋದ.

ನವೆಂಬರ್ 10

ಮನೆಗೆ ಬಂದೆವು. ಅನಸ್ ಬೆಕ್ಕಿನ ಬಾಲ ಎಳೆದ. ಅಷ್ಟು ಸಾಕು ನನಗೆ.

ನವೆಂಬರ್ 29, ಶುಕ್ರವಾರ

ಇವತ್ತೂ ಅಪ್ಪ ಬರಲಿಲ್ಲ. ಮೊದಲು ಒಂದು ಶುಕ್ರವಾರವೂ ತಪ್ಪಿಸುತ್ತಿರಲಿಲ್ಲ. ಫೋನ್ ಮಾಡಿದರೆ ಕೆಲಸ, ನೆಗಡಿ... ಕೊನೆಗೆ ಬಾಯಿಬಿಟ್ಟ — ಇನ್ನು ಮಗುವನ್ನು ಮುಟ್ಟುವುದಿಲ್ಲವಂತೆ, ತನ್ನಿಂದ ಇನ್ನೇನು ಬರುತ್ತದೋ ಎಂದು ಭಯವಂತೆ. ಹುಚ್ಚಪ್ಪ. ಎತ್ತಿಕೊಂಡರೆ ಅಂಟುವ ರೋಗವಾ ಇದು? ಫೋನ್ ಇಟ್ಟು ಅಳುತ್ತಾ ಕೂತೆ. ಅಪ್ಪನಿಲ್ಲದೆ ಅನಸ್ ಬೆಳೆಯುವುದು ನನ್ನಿಂದ ನೋಡಲಾಗದು.

ಸಂಜೆ ನನ್ನ ಅತ್ತೆಯೇ ಬಂದು ಪಕ್ಕದಲ್ಲಿ ಕೂತರು. ಬೀಗರಿಗೆ ಅಂದ ಮಾತು ತಮ್ಮನ್ನೇ ತಿನ್ನುತ್ತಿದೆಯಂತೆ. ನಾಳೆಯೇ ಹೋಗಿ ಕರೆದುಕೊಂಡು ಬಾ ಎಂದರು.

ನವೆಂಬರ್ 30. ರಶೀದ್

ನದಿಯ ದಡದಲ್ಲಿ, ಅಪ್ಪನ ಮರದ ರಾಶಿಯ ಮೇಲೆ ಕೂತು ಬರೆಯುತ್ತಿದ್ದೇನೆ.

ನಾವು ಬಂದಾಗ ಅರ್ಧ ಕಟ್ಟಿದ ದೋಣಿಯೊಳಗೆ ಹಲಗೆ ಹೆರೆಯುತ್ತಿದ್ದ. ಸೊರಗಿಹೋಗಿದ್ದಾನೆ. ಅನಸ್ ತೋಳು ಚಾಚಿದ. ಅಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡ.

"ಆಸ್ತಿ ಅಂತ ಏನೂ ಕೊಡ್ಲಿಲ್ಲ ನಿಂಗೆ, ರಾವ್ಯಾ. ಕೊಟ್ಟಿದ್ದು ಇದೊಂದೇ ನೋಡು."

ಡಾಕ್ಟರಮ್ಮ ಹೇಳಿದ ಎಕ್ಸ್ ಲೆಕ್ಕವನ್ನು ಇವನಿಗೆ ಹೇಗೆ ಹೇಳುವುದು? ಬಾಯಿಗೆ ಬಂದ ಹಾಗೆ ಹೇಳಿದೆ.

"ಅಮ್ಮನ ಹತ್ರ ಎರಡಿತ್ತಪ್ಪ. ನಂಗೊಂದು ಕೊಟ್ಟು ಒಂದು ತಾನೇ ಇಟ್ಕೊಂಡ್ಳು. ನಿನ್ ಹತ್ರ ಇದ್ದಿದ್ದೇ ಒಂದು. ಅದನ್ನೇ ನಂಗೆ ಕೊಟ್ಟೆ."

ಅಪ್ಪ ನದಿಗಿಳಿದು, ಕೈಗೆ ಮೆತ್ತಿದ ಮರದ ಪುಡಿ ತೊಳೆದುಕೊಂಡು ಬಂದ. ಮೊಣಕೈವರೆಗೂ ತೊಳೆದ.

ಈಗ ಇಬ್ಬರೂ ದೋಣಿಯೊಳಗಿದ್ದಾರೆ. ಮೀಸೆ ಸಿಕ್ಕಿದೆ ಪುಂಡನಿಗೆ, ಬಿಡುತ್ತಿಲ್ಲ. ಅಪ್ಪ ನನ್ನನ್ನು ಕೂಗುತ್ತಿದ್ದಾನೆ — ಬೇಗ ಬಾರೇ, ಇವನು ನಗೋದು ನೋಡು, ಥೇಟ್ ನಿಮ್ಮಮ್ಮ...